ಸೋರುವ ಮಾಳಿಗೆಯೂ ಗಿಟಾರೂ

ಹೊಸದುರ್ಗ, ಹೊಳಲ್ಕೆರೆಗಳ ಕಡೆ ಭಜನೆಯ ಮೇಳದಲ್ಲಿ ಶಿಶುನಾಳ ಷರೀಫರ ತತ್ತ್ವಪದಗಳನ್ನು ಕೇಳಿ ಬೆಳೆದವರಿಗೆ, ಅದೇ ಪದ ಗಿಟಾರು ಡ್ರಮ್ಮುಗಳೊಡನೆ ಬಂದಾಗ ಮೊದಲು ಆಗುವುದು ಸಂಕೋಚ. ಇದಕ್ಕೆ ಕಾರಣವುಂಟೋ, ಬರಿಯ ಅಭ್ಯಾಸಬಲವೋ ಎಂಬುದನ್ನು ರಘು ದೀಕ್ಷಿತರ ಧ್ವನಿಮುದ್ರಿಕೆಗಳನ್ನು ಮುಂದಿಟ್ಟುಕೊಂಡೇ ವಿಚಾರಿಸಬೇಕು.

ಮೈಸೂರಿನ ದೀಕ್ಷಿತರು ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಕಲಿತದ್ದು ಭರತನಾಟ್ಯ. ‘ಅಂತರಾಗ್ನಿ’ ಎಂಬ ಅವರ ಮೊದಲ ತಂಡ ಚದುರಿತು. ಬಳಿಕ ಕಟ್ಟಿದ ‘ರಘು ದೀಕ್ಷಿತ್ ಪ್ರಾಜೆಕ್ಟ್’ 2008ರಲ್ಲಿ ಆ ಹಳೆಯ ಹೆಸರಿನಲ್ಲೇ ತನ್ನ ಮೊದಲ ಆಲ್ಬಂ ತಂದಿತು. ಪ್ರಕಟಿಸಿದವರು ಮುಂಬಯಿಯ ವಿಶಾಲ್–ಶೇಖರ್. ಹಾಡುಗಳು ಎಂಟು; ಕನ್ನಡದವು ಎರಡೇ, ಎರಡೂ ಷರೀಫರವು.

‘ಸೋರುತಿಹುದು ಮನೆಯ ಮಾಳಿಗಿ’ ಎಂಬ ಪದಕ್ಕೆ ಹಿರಿಯೂರಿನ ಸೀಮೆಯಲ್ಲಿ ಟೀಕೆ ಬೇಕಿಲ್ಲ. ಮಣ್ಣಿನ ಮಾಳಿಗೆಯಲ್ಲಿ ಬಾಳಿದವರಿಗೆ ಗೊತ್ತು: ಮಳೆಗಾಲಕ್ಕೆ ಮುಂಚೆ ಮೇಲೇರಿ ಮಣ್ಣು ಹೊದಿಸದಿದ್ದರೆ ನಡುರಾತ್ರಿ ಹಾಸಿಗೆ ಸುತ್ತಿಕೊಂಡು ಮೂಲೆ ಹುಡುಕಬೇಕು. (ಮಳೆಯೇ ಅಪರೂಪವಾದ ನಾಡಿನಲ್ಲಿ ಸೋರಿಕೆಯ ಚಿಂತೆಗೇನೂ ಕಡಿಮೆಯಿಲ್ಲ!) ಸಿ. ಅಶ್ವಥ್ ಷರೀಫರನ್ನು ಎತ್ತರದ ಕಂಠದಲ್ಲಿ ಊರಿಗೆಲ್ಲ ಸಾರಿ ಹೇಳಿದರು. ದೀಕ್ಷಿತರು ಅದೇ ಸೋರಿಕೆಯನ್ನು ಕತ್ತಲಲ್ಲಿ ಒಬ್ಬನೇ ಕುಳಿತು ನೋಡುವವನಂತೆ ನಿಧಾನವಾಗಿ ಹಾಡುತ್ತಾರೆ. ಮಾತು ಕೇಳಿಸುತ್ತದೆ, ವಾದ್ಯ ಹಿಂದೆ ನಿಲ್ಲುತ್ತದೆ. ಇಲ್ಲಿ ನಮ್ಮ ಸಂಕೋಚ ನಿಲ್ಲದು.

‘ಗುಡುಗುಡಿಯ ಸೇದಿ ನೋಡೋ’ ಹಾಗಲ್ಲ. ಗುಡುಗುಡಿಯ ನೆವದಲ್ಲಿ ಒಳಗಿನ ಸಾಧನೆಯನ್ನು ಹೇಳುವ ಪದವಿದು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುವ ಗಾಯಕನೊಡನೆ ಸಭೆಯೂ ಕುಣಿಯುತ್ತದೆ, ನಿಜ. ಆದರೆ ಸೇದುವ ಮೋಜು ಉಳಿದು ಸಾಧನೆ ಹೊಗೆಯಾಗಿ ಹೋಗುತ್ತದೆ.

ಹೊರಗಿನ ಕಿವಿಗಾಗಿ ಹಾಡನ್ನು ತಿದ್ದುವುದು ಇವರೇ ಮಾಡಿದ್ದಲ್ಲ. ಜಮೈಕಾ ದ್ವೀಪದ ರೆಗೆ ಸಂಗೀತಕ್ಕೂ ಇದೇ ಗತಿ ಬಂದಿತ್ತು. ಬಾಬ್ ಮಾರ್ಲೆಯ ವೇಯ್ಲರ್ಸ್ ತಂಡದ ‘ಕ್ಯಾಚ್ ಎ ಫೈರ್’ 1973ರಲ್ಲಿ ಹೊರಬರುವ ಮುನ್ನ, ಪ್ರಕಾಶಕ ಕ್ರಿಸ್ ಬ್ಲ್ಯಾಕ್‌ವೆಲ್ ಅದಕ್ಕೆ ಲಂಡನ್ನಿನಲ್ಲಿ ರಾಕ್ ಗಿಟಾರು, ಕೀಬೋರ್ಡುಗಳನ್ನು ಸೇರಿಸಿದರು. ಜಮೈಕಾದ ಮೂಲಪಾಠವೂ 2001ರಲ್ಲಿ ಪ್ರಕಟವಾಗಿದೆ. ಎರಡನ್ನೂ ಹೋಲಿಸಿ ಕೇಳಬಹುದು. ಸೇರಿಸಿದ್ದು ಎಷ್ಟಾದರೂ ರೆಗೆಯ ಜೀವ ಕೆಡಲಿಲ್ಲ. ಆ ತಾಳದ ಒಂದು ಬಗೆಯಲ್ಲಿ ಮೊದಲ ಪೆಟ್ಟನ್ನು ಡ್ರಮ್ಮಿನವನು ಬರಿದೆ ಬಿಡುತ್ತಾನೆ. ಪೆಟ್ಟು ಬೀಳುವುದು ಮೂರನೆಯದಕ್ಕೆ. ಆ ತೆರವಿನಲ್ಲಿ ಮಾತು ಉಸಿರಾಡುತ್ತದೆ. ನಮ್ಮ ಭಜನೆಯಲ್ಲೂ ಹಿಮ್ಮೇಳ ಪಲ್ಲವಿಯನ್ನು ಎತ್ತಿಕೊಂಡಾಗ ಮುಂದಾಳಿಗೂ ಕೇಳುಗನಿಗೂ ಅಂಥದೇ ಬಿಡುವು ದೊರೆಯುತ್ತದೆ. ಗುಡುಗುಡಿಯ ಹಾಡಿನಲ್ಲಿ ಕಾಣದ್ದು ಈ ಬಿಡುವು. ಗಿಟಾರು ಇದ್ದದ್ದು ತಪ್ಪಲ್ಲ, ಅದು ಸುಮ್ಮನಿರದಿದ್ದದ್ದು ತಪ್ಪು.

2013ರ ‘ಜಗ್ ಚಂಗಾ’ ಎಂಬ ಎರಡನೆಯ ಆಲ್ಬಮ್ಮಿನಲ್ಲೂ ‘ಲೋಕದ ಕಾಳಜಿ’ಯ ಮೂಲಕ ಷರೀಫರೇ ಬಂದರು. ಷರೀಫರು ತೀರಿಕೊಂಡದ್ದು 1889ರಲ್ಲಿ. ಇಷ್ಟು ಕಾಲದ ಮೇಲೂ ಹೊಸ ವಾದ್ಯದವರು ಅವರ ಬಾಗಿಲಿಗೇ ಬರುತ್ತಾರೆಂಬುದು ಸಂತೋಷದ ಮಾತು. ಹೊಳಲ್ಕೆರೆಯ ಭಜನೆಯವರಿಗೆ ಈ ಮುದ್ರಿಕೆಗಳನ್ನು ಕೇಳಿಸಿದರೆ ಮಾಳಿಗೆಯ ಪದಕ್ಕೆ ದನಿಗೂಡಿಸಿಯಾರು. ಗುಡುಗುಡಿಗೆ ತಾಳ ಮಾತ್ರ ಹಾಕಿಯಾರು.