ಉತ್ತರಿಸುವ ಕೃಷ್ಣನಿಲ್ಲದ ಗೀತೆ

ಡಿ. ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ಕ್ಕೆ ದೊರೆತಷ್ಟು ಓದುಗರು ಆಧುನಿಕ ಕನ್ನಡದ ಬೇರೆ ತಾತ್ತ್ವಿಕ ಕಾವ್ಯಕ್ಕೆ ದೊರೆತಿರಲಾರರು, ಆದರೆ ಆ ಮನ್ನಣೆ ಕೃತಿಯ ಯಾವ ಗುಣಕ್ಕೆ ಸಂದದ್ದು ಎಂಬುದು ಇನ್ನೂ ಕೇಳತಕ್ಕ ಪ್ರಶ್ನೆಯಾಗಿಯೇ ಉಳಿದಿದೆ. ‘ಕನ್ನಡದ ಭಗವದ್ಗೀತೆ’ ಎಂಬ ರೂಢಿಯ ಹೊಗಳಿಕೆ ಈ ಪ್ರಶ್ನೆಯನ್ನು ಮರೆಮಾಡುತ್ತದೆ. ಗೀತೆಯಲ್ಲಿ ಸಂಶಯಪಡುವವನು ಒಬ್ಬ, ಸಂಶಯವನ್ನು ಕಳೆಯುವವನು ಇನ್ನೊಬ್ಬ. ಕಗ್ಗದಲ್ಲಿ ಕೇಳುವವನೂ ತಿಮ್ಮನೇ, ಹೇಳುವವನೂ ತಿಮ್ಮನೇ ಆದ್ದರಿಂದ ಅಲ್ಲಿನ ಯಾವ ಉತ್ತರಕ್ಕೂ ಕೇಳಿದವನ ಅನುಭವವನ್ನು ಮೀರಿದ ಅಧಿಕಾರವಿಲ್ಲ. ಗೀತೆಗೆ ‘ಜೀವನಧರ್ಮಯೋಗ’ವೆಂಬ ವಿಸ್ತಾರವಾದ ವ್ಯಾಖ್ಯಾನವನ್ನು ಬರೆದು, ಅದಕ್ಕಾಗಿ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಲೇಖಕರಿಗೆ ಈ ಅಂತರ ತಿಳಿಯದೆ ಇರಲಿಲ್ಲ.

1943ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಪ್ರಕಟವಾದ ಈ ಕೃತಿಯಲ್ಲಿ 945 ಚೌಪದಿಗಳಿವೆ. ಐದೈದು ಮಾತ್ರೆಗಳ ನಡೆ, ಸಾಲುಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಮರಳಬೇಕೆಂಬ ಆದಿಪ್ರಾಸದ ಕಟ್ಟು, ಕೊನೆಗೆ ತನ್ನನ್ನು ತಾನೇ ಮಂಕನೆಂದು ಕರೆದುಕೊಂಡವನ ಅಂಕಿತ: ಇವಿಷ್ಟು ಅದರ ಹೊರರೂಪ. ನೆನಪಿನಲ್ಲಿ ನಿಲ್ಲುವುದಕ್ಕೆ ಈ ಕಟ್ಟು ನೆರವಾದಂತೆ, ಪ್ರಾಸಕ್ಕೆ ತಲೆಬಾಗಿ ಹಳಗನ್ನಡದ ರೂಪಗಳನ್ನು ತುರುಕುವುದಕ್ಕೂ ಕಾರಣವಾಗಿದೆ. ಒಂದೇ ಭಾವವನ್ನು ಬೇರೆ ಪ್ರಾಸದಲ್ಲಿ ಮತ್ತೆ ಹೇಳಿದ, ಕೈಬಿಟ್ಟಿದ್ದರೆ ನಷ್ಟವಾಗದಿದ್ದ ಪದ್ಯಗಳೂ ಕಡಮೆಯಿಲ್ಲ.

ಕೃತಿಯ ನಿಜವಾದ ಧೈರ್ಯ ಅದರ ಆರಂಭದಲ್ಲೇ ಇದೆ. ಮೊದಲ ಪದ್ಯ ಸಂಪ್ರದಾಯದಂತೆ ಜಗತ್ತಿನ ಮೂಲಕ್ಕೆ ನಮಿಸುತ್ತದೆ. ಮೂರನೆಯ ಪದ್ಯಕ್ಕೆ ಬರುವಷ್ಟರಲ್ಲಿ ಆ ಮೂಲವು ಉಂಟೋ ಇಲ್ಲವೋ ತಿಳಿಯಗೊಡದ ವಸ್ತುವಾಗಿ, ಅದರ ಲೀಲೆ ಒಳ್ಳೆಯದೆಂಬುದು ನಿಶ್ಚಯವಾದರೆ ಮಾತ್ರ ಅದಕ್ಕೆ ಶರಣು ಎಂಬ ಧ್ವನಿ ಕೇಳಿಸುತ್ತದೆ. ಷರತ್ತು ಹಾಕಿದ ಶರಣಾಗತಿ ಭಕ್ತಿಕಾವ್ಯಗಳಲ್ಲಿ ಅಪರೂಪವಾದುದು. ಅದರ ಬೆನ್ನಿಗೇ ಬದುಕಿನ ಅರ್ಥ, ಜೀವಕ್ಕೂ ಜಗತ್ತಿಗೂ ಇರುವ ಸಂಬಂಧ, ಭೂಮಿಗೆ ರಕ್ತವನ್ನೆರೆಯುವವರು ಮನುಷ್ಯರೋ ರಾಕ್ಷಸರೋ ಎಂಬ ಪ್ರಶ್ನೆಗಳು ಸಾಲುಗಟ್ಟುತ್ತವೆ. ಸತ್ಯವೆಂಬುದು ಇಲ್ಲಿ ಕೈಗೆ ಸಿಕ್ಕ ವಸ್ತುವಲ್ಲ, ಹುಡುಕುವವನ ಪ್ರಾಮಾಣಿಕತೆಯಿಂದ ಮಾತ್ರ ಅಳೆಯಬಹುದಾದ ಒಂದು ದಿಕ್ಕು.

ಮನುಷ್ಯಸ್ವಭಾವದ ಪರೀಕ್ಷೆಯಲ್ಲಿ ಕಗ್ಗ ಇನ್ನಷ್ಟು ನಿರ್ದಾಕ್ಷಿಣ್ಯವಾಗಿದೆ. ರಾವಣನ ಹತ್ತು ತಲೆ ಅಷ್ಟೇನೂ ದೊಡ್ಡದಲ್ಲ, ಹಾವು ಹುಲಿ ಕಪಿ ನರಿಗಳ ಸಾವಿರ ಮುಖಗಳನ್ನು ಮನುಷ್ಯನು ಒಂದೇ ಮುಖದಲ್ಲಿ ಅಡಗಿಸಿಕೊಂಡಿದ್ದಾನೆ ಎನ್ನುವ ಪದ್ಯವೂ, ಅನ್ನ, ಚಿನ್ನ, ಗಂಡುಹೆಣ್ಣಿನ ಒಲವು ಎಂದು ಆಸೆಗಳನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಸಿ, ಎಲ್ಲಕ್ಕಿಂತ ತೀಕ್ಷ್ಣವಾದುದು ಮನ್ನಣೆಯ ದಾಹವೆಂದು ತೀರ್ಮಾನಿಸುವ ಪದ್ಯವೂ ನೀತಿಪಾಠಕ್ಕಿಂತ ಹೆಚ್ಚಾಗಿ ರೋಗನಿದಾನಗಳು. 1913ರಲ್ಲಿ ‘ಕರ್ನಾಟಕ’ ಪತ್ರಿಕೆಯನ್ನು ಆರಂಭಿಸಿ, ಮೈಸೂರಿನ ದಿವಾನರನ್ನೂ ಸಾರ್ವಜನಿಕ ಜೀವನವನ್ನೂ ಹತ್ತಿರದಿಂದ ಕಂಡ ಪತ್ರಕರ್ತನ ಕಣ್ಣು ಈ ಎರಡನೆಯ ಪದ್ಯದ ಹಿಂದೆ ಇದೆಯೆಂದು ಊಹಿಸುವುದು ಅನುಚಿತವಾಗದು.

ಇಷ್ಟನ್ನು ಒಪ್ಪಿದ ಮೇಲೂ ನಡತೆಯ ವಿಷಯದಲ್ಲಿ ಕಗ್ಗದ ನಿಲುವನ್ನು ಪ್ರಶ್ನಿಸಬೇಕಾಗುತ್ತದೆ. ಅತ್ಯಂತ ಪ್ರಸಿದ್ಧವಾದ ಪದ್ಯವೊಂದರಲ್ಲಿ ಬದುಕು ಜಟಕಾಬಂಡಿ, ವಿಧಿ ಅದರ ಸಾಹೇಬ, ಮನುಷ್ಯ ಅದರ ಕುದುರೆ. ಅವನನ್ನು ಪಯಣಿಗನನ್ನಾಗಿ ಮಾಡದೆ ಕುದುರೆಯನ್ನಾಗಿ ಮಾಡಿದ್ದು ಕವಿಯ ಸೂಕ್ಷ್ಮತೆ, ಏಕೆಂದರೆ ಶ್ರಮವೆಲ್ಲ ಕುದುರೆಯದು, ಮದುವೆಮನೆಗೋ ಸ್ಮಶಾನಕ್ಕೋ ಎಂಬ ಆಯ್ಕೆ ಮಾತ್ರ ಅದರದಲ್ಲ. ವಿಯೋಗ, ರೋಗ, ಮುಪ್ಪುಗಳ ಎದುರು ಈ ದರ್ಶನ ದಿಟವಾದುದು. ಕಾಲು ಕುಸಿದರೆ ನೆಲವಿದೆಯೆಂಬ ಅದರ ಕೊನೆಯ ಮಾತು ಹುಸಿ ಭರವಸೆಯನ್ನು ಕೊಡುವುದಿಲ್ಲ. ಆದರೆ ಲಗಾಮು ಹಿಡಿದವನು ಎಲ್ಲ ಸಂದರ್ಭದಲ್ಲೂ ವಿಧಿಯೇ ಆಗಿರುವುದಿಲ್ಲ. ಸಾಲ ಕೊಟ್ಟವನೋ, ಜಾತಿಯ ಕಟ್ಟಳೆಯೋ, ಕೆಟ್ಟ ಆಡಳಿತವೋ ಹಿಡಿದಿರುವ ಲಗಾಮನ್ನು ವಿಧಿಯದೆಂದು ತಿಳಿಯುವುದು ವಿವೇಕವಲ್ಲ. ಮನುಷ್ಯಕೃತ ದುಃಖಕ್ಕೂ ದೈವಕೃತ ದುಃಖಕ್ಕೂ ಇರುವ ಈ ಗೆರೆಯನ್ನು ಹನ್ನೆರಡನೆಯ ಶತಮಾನದ ವಚನಕಾರರು ಸ್ಪಷ್ಟವಾಗಿ ಎಳೆದಿದ್ದರು. ಆಡಳಿತದ ತಪ್ಪನ್ನು ತಪ್ಪೆಂದೇ ಬರೆದು, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ ಗುಂಡಪ್ಪನವರಿಗೂ ಆ ಗೆರೆ ಗೊತ್ತಿತ್ತು. ಕಗ್ಗದಲ್ಲಿ ಮಾತ್ರ ಅದು ಮಸುಕಾಗಿದೆ.

ಕಗ್ಗವನ್ನು ಓದುವ ಪದ್ಧತಿ ಈ ಮಸುಕನ್ನು ಮತ್ತಷ್ಟು ದಟ್ಟವಾಗಿಸಿದೆ. ಭಾಷಣದ ಕೊನೆಗೆ, ದಿನದರ್ಶಿಕೆಯ ಹಾಳೆಗೆ, ಮೊಬೈಲಿನ ಬೆಳಗಿನ ಸಂದೇಶಕ್ಕೆ ಆರಿಸಲ್ಪಡುವ ಪದ್ಯಗಳಲ್ಲಿ ಹೆಚ್ಚಿನವು ಹೊಂದಿಕೊಂಡು ಬಾಳಲು ಹೇಳುವಂಥವು. ಪರತತ್ತ್ವವನ್ನೇ ಕಟಕಟೆಗೆ ತಂದ ಆರಂಭದ ಪದ್ಯಗಳು ಅಲ್ಲಿ ಕಾಣಿಸುವುದು ಕಡಮೆ. ತನ್ನ ಮನಸ್ಸಿಗೆ ತಾನೇ ಹೇಳಿಕೊಂಡ ಸಮಾಧಾನವನ್ನು ಹೀಗೆ ಬಿಡಿಯಾಗಿ ಇನ್ನೊಬ್ಬರಿಗೆ ಹೇಳಿದಾಗ ಅದು ಆಜ್ಞೆಯಾಗುತ್ತದೆ, ಕಷ್ಟದಲ್ಲಿರುವವನಿಗೆ ಹೇಳಿದರಂತೂ ಅವನ ಬಾಯಿ ಮುಚ್ಚಿಸುವ ಉಪಾಯವಾಗುತ್ತದೆ. ಶಾಲಾಕಾಲೇಜುಗಳಲ್ಲಿ ಕಗ್ಗವನ್ನು ಪಾಠ ಮಾಡುವವರು ಕಂಠಪಾಠಕ್ಕೆ ಒಪ್ಪುವ ನಾಲ್ಕಾರು ಪದ್ಯಗಳನ್ನು ಆರಿಸುವ ಬದಲು, ಮೊದಲ ಐವತ್ತು ಪದ್ಯಗಳನ್ನಾದರೂ ಅನುಕ್ರಮವಾಗಿ ಓದಿಸಲಿ.