ಬಂಡೆಯ ಮೇಲೆ ರಿಚ್ಪ

ಹೀಬ್ರೂ ಧರ್ಮಗ್ರಂಥದ ಹೆಂಗಸರು ಎಂದೊಡನೆ ನೆನಪಾಗುವವರು ರೂತ್, ಎಸ್ತೇರ್, ದೆಬೋರ. ಮೊದಲಿಬ್ಬರ ಹೆಸರಿನಲ್ಲಿ ಪುಸ್ತಕಗಳೇ ಇವೆ, ದೆಬೋರಳ ಬಾಯಲ್ಲಿ ವಿಜಯಗೀತೆಯಿದೆ. ಇಸ್ರಾಯೇಲಿನ ದೊರೆ ಸೌಲನ ಉಪಪತ್ನಿ ರಿಚ್ಪಳಿಗೆ ಒಂದೇ ಒಂದು ಮಾತೂ ಸಿಕ್ಕಿಲ್ಲ. ಆದರೂ ಎರಡನೆಯ ಸಮುವೇಲ ಗ್ರಂಥದ 21ನೆಯ ಅಧ್ಯಾಯದಲ್ಲಿ ದೊರೆಯನ್ನು ಅಲುಗಾಡಿಸುವವಳು ಅವಳೇ.

ಸೌಲನ ನಂತರ ದೊರೆಯಾದ ದಾವೀದನ ಕಾಲದಲ್ಲಿ ಮೂರು ವರ್ಷ ಬರ. ಸೌಲನು ಗಿಬ್ಯೋನ್ಯರೆಂಬ ಜನರನ್ನು ಕೊಲ್ಲಿಸಿದ ಪಾಪವೇ ಕಾರಣ ಎಂದು ದೈವವಾಣಿ. ಪರಿಹಾರವಾಗಿ ಗಿಬ್ಯೋನ್ಯರು ಸೌಲನ ವಂಶದ ಏಳು ಗಂಡಸರನ್ನು ಕೇಳುತ್ತಾರೆ, ದಾವೀದ ಒಪ್ಪಿಸುತ್ತಾನೆ. ಇಬ್ಬರು ರಿಚ್ಪಳ ಮಕ್ಕಳು. ಉಳಿದ ಐವರು ಸೌಲನ ಮಗಳ ಮಕ್ಕಳು. (ಆ ಮಗಳು ಮೇರಬಳೋ ಮೀಕಲಳೋ ಎಂಬುದರಲ್ಲಿ ಹಸ್ತಪ್ರತಿಗಳಿಗೇ ಒಮ್ಮತವಿಲ್ಲ. ಐದು ಮಕ್ಕಳನ್ನು ಕಳೆದುಕೊಂಡ ತಾಯಿ ಯಾರೆಂಬುದೇ ಗೊಂದಲ!) ಸೌಲನ ವಾರಸುದಾರರು ಹೀಗೆ ಅಳಿದರೆ ಲಾಭ ಯಾರಿಗೆ? ಕಥನಕಾರ ಬಾಯಿಬಿಡುವುದಿಲ್ಲ. ಅದೇ ಗ್ರಂಥದಲ್ಲಿ ಶಿಮ್ಮಿ ಎಂಬವನು ದಾವೀದನಿಗೆ ಕಲ್ಲು ತೂರಿ, ಸೌಲನ ಮನೆಯವರ ರಕ್ತ ಹರಿಸಿದವನೆಂದು ಶಪಿಸಿದ್ದು ಮಾತ್ರ ದಾಖಲಾಗಿದೆ.

ಜವೆಗೋದಿಯ ಸುಗ್ಗಿ ಆರಂಭವಾಗುವಾಗ ಬೆಟ್ಟದ ಮೇಲೆ ತೂಗಿಸಿದ ಏಳು ಹೆಣಗಳು. ರಿಚ್ಪ ಗೋಣಿತಟ್ಟನ್ನು ಬಂಡೆಯ ಮೇಲೆ ಹಾಸಿ ಕೂರುತ್ತಾಳೆ. ಹಗಲು ಹಕ್ಕಿಗಳನ್ನು, ರಾತ್ರಿ ಕಾಡುಮೃಗಗಳನ್ನು ಓಡಿಸುತ್ತಾಳೆ. ಮಳೆ ಬೀಳುವವರೆಗೆ ಹೀಗೇ. ಕಾಯ್ದದ್ದು ತನ್ನ ಇಬ್ಬರನ್ನಷ್ಟೇ ಅಲ್ಲ, ಏಳು ಜನರನ್ನೂ. ಮರಕ್ಕೆ ತೂಗಿಸಿದ ಹೆಣವನ್ನು ಅದೇ ದಿನ ಹೂಳಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಆ ವಿಧಿ ಇಲ್ಲಿ ಮುರಿದಿದೆ. ಮುರಿದದ್ದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಮಾಡಿದವಳು ಬಂಡೆಯ ಮೇಲೆ ಕೂತ ಈ ಹೆಂಗಸು. ಸುದ್ದಿ ದಾವೀದನಿಗೆ ಮುಟ್ಟುತ್ತದೆ. ಅವನು ಯಾಬೇಷ್ ಗಿಲ್ಯಾದಿನಿಂದ ಸೌಲ, ಯೋನಾತಾನರ ಎಲುಬುಗಳನ್ನು ತರಿಸುತ್ತಾನೆ, ತೂಗಿಸಿದವರ ಎಲುಬುಗಳನ್ನೂ ಕೂಡಿಸುತ್ತಾನೆ, ಅಪ್ಪ ಮಗ ಇಬ್ಬರನ್ನೂ ಸೌಲನ ತಂದೆ ಕೀಷನ ಸಮಾಧಿಯಲ್ಲಿ ಇರಿಸುತ್ತಾನೆ. ದೇವರು ನಾಡಿನ ಮೊರೆಯನ್ನು ಆಲಿಸಿದ್ದು ಆಮೇಲೆ ಎಂದು ಪಠ್ಯ ಹೇಳುತ್ತದೆ.

ಈ ಅನುಕ್ರಮವೇ ಅಧ್ಯಾಯದ ಜೀವಾಳ. ಏಳು ಜೀವ ಬಲಿಕೊಟ್ಟ ಕೂಡಲೇ ದೇವರು ಒಲಿದನೆಂದು ಕಥೆ ಮುಗಿಸುವುದು ಸುಲಭವಿತ್ತು. ಹಾಗೆ ಮಾಡದೆ ಸಂಸ್ಕಾರದ ನಂತರಕ್ಕೆ ಅದನ್ನು ಇಟ್ಟ ಕಥನಕಾರ, ರಾಜನೀತಿಯ ಬಗ್ಗೆ ತನ್ನ ಅನುಮಾನವನ್ನು ಒಂದೂ ಟೀಕೆಯಿಲ್ಲದೆ ತಿಳಿಸಿದ್ದಾನೆ. ಇದು ದೊಡ್ಡ ಕಸುಬು. ಆದರೆ ಅಷ್ಟೇ ಜಿಪುಣತನವೂ ಇದೆ: ಕೆಲಸವಾದ ಮೇಲೆ ರಿಚ್ಪ ಏನಾದಳು ಎಂಬುದು ಅವನಿಗೆ ಬೇಕಿಲ್ಲ. ಇದಕ್ಕೆ ಮುಂಚೆ ಅವಳ ಹೆಸರು ಬಂದದ್ದೂ ಸೌಲನ ಸೇನಾಪತಿ ಅಬ್ನೇರನು ಅವಳನ್ನು ಕೂಡಿದನೆಂದು ಗಂಡಸರಿಬ್ಬರು ಜಗಳವಾಡುವಾಗ. ಅಲ್ಲೂ ಅವಳು ಬಾಯಿ ತೆರೆಯಲಿಲ್ಲ. ಅದೇ ಧರ್ಮಗ್ರಂಥದ ಅರಣ್ಯಕಾಂಡದಲ್ಲಿ ಚಲ್ಪಹಾದನ ಐದು ಹೆಣ್ಣುಮಕ್ಕಳು ಮೋಶೆಯ ಎದುರು ನಿಂತು ಆಸ್ತಿಯ ಹಕ್ಕು ಕೇಳಿ ಪಡೆದರು. ಆ ಗ್ರಂಥಕ್ಕೆ ಹೆಂಗಸರ ದನಿ ಬರೆಯಲು ಬರುವುದಿಲ್ಲವೆಂದೇನೂ ಇಲ್ಲ.

ಇಂಗ್ಲಿಷ್ ಕವಿ ಟೆನಿಸನ್ ರಿಚ್ಪಳ ಹೆಸರಿನ ಕವಿತೆಯಲ್ಲಿ, ಗಲ್ಲಿಗೇರಿದ ಮಗನ ಎಲುಬು ಆರಿಸುವ ಇಂಗ್ಲಿಷ್ ಮುದುಕಿಯನ್ನು ತಂದ. ಕರುಳು ಕಿವುಚುವ ಕವಿತೆಯೇ, ಆದರೆ ದೊರೆ ಮಾಯವಾದ. ರಿಚ್ಪಳನ್ನು ಮಾತೃವಾತ್ಸಲ್ಯದ ಪ್ರತಿಮೆಯಾಗಿ ಮಾತ್ರ ನೋಡುವ ಪ್ರವಚನಗಳ ತಪ್ಪೂ ಇದೇ. ಅವಳು ಮಾಡಿದ್ದು ಸಿಂಹಾಸನದ ಎದುರಿನ ಪ್ರತಿಭಟನೆ, ಅದು ಗೆದ್ದಿತು.