ಕಿತ್ತೂರ ನಾಡಿನ ವೀರಗೀತಗಳಲ್ಲಿ ಬೆಂಕಿ: ಒಂದು ವಿವೇಚನೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಹಾಡಿಕೊಂಡು ಬಂದಿರುವ ವೀರಗೀತಗಳ ವಿಷಯದಲ್ಲಿ ನಮ್ಮ ವಿದ್ವಾಂಸರು ಬರೆದುದು ಕಡಮೆಯೇನಲ್ಲ. ಅವುಗಳ ಮಟ್ಟು, ಭಾಷೆ, ವೀರ-ಕರುಣ ರಸಗಳ ಬೆರಕೆ ಇವು ಚೆನ್ನಾಗಿ ವಿವೇಚಿತವಾಗಿವೆ. ಆದರೆ ಈ ಹಾಡುಗಳಲ್ಲಿ ರಣರಂಗದಷ್ಟೇ ಪ್ರಧಾನವಾಗಿ ಬರುವ ಇನ್ನೊಂದು ಸಂಗತಿಯುಂಟು: ಕಚೇರಿಗೆ ಇಟ್ಟ ಕಿಚ್ಚು, ಲೂಟಿಯಾದ ಖಜಾನೆ, ಒಳಗಿನವರಿಂದಲೇ ಕೆಟ್ಟ ಮದ್ದು. ಈ ಬಗೆಯ ಕೃತ್ಯಗಳನ್ನು ಹಾಡು ಹೇಗೆ ತೂಗುತ್ತದೆ ಎಂಬ ವಿಚಾರ ಸಾಕಷ್ಟು ನಡೆದಂತೆ ನಮಗೆ ತೋರುವುದಿಲ್ಲ. ಒಂದು ರಾಜ್ಯವು ಯುದ್ಧ ಸಾರದೆ, ಬಾಡಿಗೆಯ ಕೈಗಳಿಂದ ಮತ್ತೊಂದು ರಾಜ್ಯದ ಉಗ್ರಾಣ, ಅಂಗಡಿ, ಕಾರ್ಖಾನೆಗಳನ್ನು ಸುಡಿಸುವುದಕ್ಕೆ ಈಗ ಮಿಶ್ರಯುದ್ಧವೆಂಬ ಹೆಸರು ರೂಢಿಗೆ ಬಂದಿರುವುದರಿಂದ, ಈ ಪ್ರಶ್ನೆಯನ್ನೆತ್ತಲು ಇದು ತಕ್ಕ ಸಮಯ.

ಹೆಸರು ಹೊಸದು, ವಸ್ತು ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರವು ಶತ್ರುದುರ್ಗದಲ್ಲಿ ಗೂಢಪುರುಷರಿಂದ ಬೆಂಕಿ ಹಚ್ಚಿಸುವ ಉಪಾಯಗಳನ್ನು ವಿವರವಾಗಿಯೇ ಹೇಳುತ್ತದೆ. ಹಕ್ಕಿಗಳ ಬಾಲಕ್ಕೆ ಅಗ್ನಿಚೂರ್ಣ ಕಟ್ಟಿ ಬಿಡುವುದೂ ಅಲ್ಲಿದೆ. ಕನ್ನಡ ಓದುಗನಿಗಾದರೋ ಭಾರತದ ಅರಗಿನ ಮನೆಗಿಂತ ಹತ್ತಿರದ ಉದಾಹರಣೆ ಬೇಡ. ಆಜ್ಞೆ ದುರ್ಯೋಧನನದು, ಕೈ ಪುರೋಚನನದು, ಹೊರಗೆ ಹೇಳುವ ಮಾತು ಆಕಸ್ಮಿಕವೆಂದು. ಆದರೆ ಕೊನೆಗೆ ಕಿಚ್ಚಿಟ್ಟವರು ಪಾಂಡವರೇ. ಪುರೋಚನನ ಜೊತೆಗೆ ಏನೂ ಅರಿಯದ ಬೇಡಿತಿಯೊಬ್ಬಳು ಐವರು ಮಕ್ಕಳೊಂದಿಗೆ ಬೆಂದುಹೋಗುತ್ತಾಳೆ. ಅವಳ ವಿಷಯದಲ್ಲಿ ನಮ್ಮ ವ್ಯಾಖ್ಯಾನಕಾರರು ಬಹುಮಟ್ಟಿಗೆ ಮೌನ ವಹಿಸಿದ್ದಾರೆ. ಆ ಮೌನ ವೀರಗೀತಗಳ ವಿಮರ್ಶೆಗೂ ಇಳಿದು ಬಂದಿದೆಯೆಂದು ನಮ್ಮ ಅಭಿಪ್ರಾಯ.

ಕಿತ್ತೂರಿನ ಇತಿಹಾಸ ಸರ್ವವಿದಿತ. 1824ರಲ್ಲಿ ದೇಸಾಯಿ ಶಿವಲಿಂಗರುದ್ರ ಸರ್ಜನು ತೀರಿಕೊಂಡಾಗ ಕಂಪನಿ ಸರಕಾರವು ದತ್ತಕವನ್ನು ಒಪ್ಪದೆ ಖಜಾನೆಗೆ ಮುದ್ರೆಯೊತ್ತಿಸಿತು. ಅಕ್ಟೋಬರ್ 23ರಂದು ಕಲೆಕ್ಟರ ಥ್ಯಾಕರೆ ಕೋಟೆಯ ಮುಂದೆ ಮಡಿದನು. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿದ್ದಿತು. ಈ ಎರಡನೆಯ ಯುದ್ಧದ ಸೋಲಿಗೆ ಜನಪರಂಪರೆ ಕೊಡುವ ಕಾರಣ, ಮಲ್ಲಪ್ಪಶೆಟ್ಟಿ ಮತ್ತು ವೆಂಕಟರಾಯರು ಕಂಪನಿಯ ಆಮಿಷಕ್ಕೆ ಒಳಗಾದುದು, ತೋಪಿನ ಮದ್ದಿನಲ್ಲಿ ಸಗಣಿ ಮತ್ತು ಧಾನ್ಯ ಬೆರೆಸಲ್ಪಟ್ಟುದು. ಇದು ಸತ್ಯವೋ, ಸೋಲಿನ ದುಃಖ ಹೆಣೆದ ಕತೆಯೋ ಎಂಬುದು ಇತಿಹಾಸಕಾರರ ಚರ್ಚೆಗೆ ಸೇರಿದುದು. ವಿಮರ್ಶಕನಿಗೆ ಮುಖ್ಯವಾದುದು ಬೇರೆ: ಕೋಟೆಯನ್ನು ಒಡೆದ ಕಂಪನಿಯ ದೊಡ್ಡ ತೋಪುಗಳಿಗಿಂತ ಈ ಕೆಟ್ಟ ಮದ್ದೇ ಜನರ ನೆನಪಿನಲ್ಲಿ ಹೆಚ್ಚು ಉಳಿದಿದೆ. ನಾಟಕಕಾರರೂ ಇದನ್ನೇ ಹಿಡಿದು ಬೆಳೆಸಿದರು. ಶತ್ರುವಿನ ಬಲವನ್ನು ಅಳೆಯುವುದಕ್ಕಿಂತ ಮನೆಯೊಳಗಿನ ದ್ರೋಹಿಯನ್ನು ಶಪಿಸುವುದು ರಂಗದ ಮೇಲೆ ಸುಲಭ.

ಸಂಗೊಳ್ಳಿ ರಾಯಣ್ಣನ ಲಾವಣಿ ಇದಕ್ಕಿಂತ ಗಟ್ಟಿಯಾದ ಕೃತಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ಲೀಟರು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಮಾಡಿಸಿದ ಕನ್ನಡ ಲಾವಣಿಗಳಲ್ಲಿ ಇದೂ ಒಂದು. ರಾಯಣ್ಣ ಶೇತಸನದಿ, ಊರ ಕಾವಲಿಗಾಗಿ ಭೂಮಿ ಪಡೆದ ಮನೆತನದವನು. ಕಂಪನಿಯ ಹೊಸ ಕಂದಾಯದ ಆಡಳಿತ ಇಂಥವರ ಭೂಮಿಯನ್ನು ಕಿತ್ತುಕೊಂಡಿತು, ಉಳಿದುದರ ಮೇಲೆ ತೆರಿಗೆ ಹೇರಿತು. ಅವನ ಪಡೆ ಬೀಡಿಯಲ್ಲಿ ಸರಕಾರಿ ಕಚೇರಿಯನ್ನು ಸುಟ್ಟುದನ್ನೂ ಸಂಪಗಾವಿಯ ಮೇಲೆ ಬಿದ್ದುದನ್ನೂ ಈ ಹಿನ್ನೆಲೆಯಲ್ಲಿ ನೋಡತಕ್ಕುದು. ಕಚೇರಿಯಲ್ಲಿದ್ದುದು ದಫ್ತರ, ದಫ್ತರದಲ್ಲಿದ್ದುದು ಯಾರ ಹೊಲ ಯಾರದಲ್ಲ ಎಂಬ ಬರಹ. ಆ ಕಾಗದ ಉರಿದರೆ ವಸೂಲಿಯ ಆಧಾರವೇ ಉರಿಯುತ್ತದೆ. ಇದನ್ನು ಕಂಪನಿಯ ಅಧಿಕಾರಿಗಳು ದರೋಡೆಯೆಂದರು. ನಮ್ಮ ಕಾಲದ ಲೇಖಕರು ಕ್ರಾಂತಿಯೆಂದರು. ಎರಡು ಮಾತುಗಳೂ ಏನು ಸುಟ್ಟಿತು ಎಂಬುದನ್ನು ನೋಡುವ ಶ್ರಮವನ್ನು ತಪ್ಪಿಸುತ್ತವೆ.

ಹಾಗಾದರೆ ಈ ಬೆಂಕಿಗೆ ಒಡೆಯರು ಯಾರು? ರಾಯಣ್ಣ ಕಾದಿದುದು ದತ್ತಕ ಶಿವಲಿಂಗಪ್ಪನ ಹೆಸರಿನಲ್ಲಿ. ಎಂದರೆ ಸಂಸ್ಥಾನದ ಹೆಸರಿನಲ್ಲಿ. ಆದರೆ ಆಗ ಸಂಸ್ಥಾನವೇ ಇರಲಿಲ್ಲ. ಬೈಲಹೊಂಗಲದ ಸೆರೆಯಲ್ಲಿದ್ದ ಚೆನ್ನಮ್ಮ ಅವನಿಗೆ ಗುಟ್ಟಾಗಿ ಆಜ್ಞೆಯಿತ್ತಳೆಂದು ಐತಿಹ್ಯವಿದೆ. ಆಕೆ ತೀರಿಕೊಂಡುದು 1829ರ ಫೆಬ್ರವರಿಯಲ್ಲಿ. ಬಂಡಾಯ ಭುಗಿಲೆದ್ದುದು ಆ ವರ್ಷದ ಕೊನೆಗೆ ಮತ್ತು 1830ರ ಆದಿಯಲ್ಲಿ. ಆಜ್ಞೆ ಇದ್ದುದಾದರೆ ಅದು ಸತ್ತವಳ ಮಾತು. ರಾಜ್ಯವು ಕೈಯನ್ನು ಬಾಡಿಗೆಗೆ ಹಿಡಿದ ಪ್ರಸಂಗ ಇದಲ್ಲ. ಕೈಯೇ ಇಲ್ಲದ ರಾಜ್ಯವನ್ನು ಹೊತ್ತುಕೊಂಡು ನಡೆದ ಪ್ರಸಂಗ. ಬಾಡಿಗೆಯ ಗುಣ ಕಾಣುವುದು ಎದುರು ಪಕ್ಷದಲ್ಲಿ. ಖೋದಾನಪುರದ ನಿಂಗನಗೌಡ ಮೊದಲಾದವರು ಸ್ನೇಹದ ಸೋಗಿನಿಂದ ಬಂಟರೊಡನೆ ಸೇರಿಕೊಂಡು, ಹಳ್ಳದಲ್ಲಿ ಜಳಕಕ್ಕಿಳಿದವನನ್ನು ಹಿಡಿದುಕೊಟ್ಟರೆಂದು ಪರಂಪರೆ ಹೇಳುತ್ತದೆ. ಬೆಂಕಿಯಿಟ್ಟವನ ಊರು ಹೆಸರುಗಳನ್ನು ಹಾಡು ಮೊದಲಿಗೇ ಸಾರುತ್ತದೆ. ಹಿಡಿದುಕೊಟ್ಟವರದಾದರೋ ಮುಚ್ಚಿದ ಮುಖ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ರಾಮದುರ್ಗ ಸೀಮೆಯ ಸುರೇಬಾನದಲ್ಲಿ 1858ರ ಮೇ 29ರ ರಾತ್ರಿ ಪೊಲಿಟಿಕಲ್ ಏಜೆಂಟ ಮ್ಯಾನ್ಸನನು ಕೊಲೆಯಾದುದು ಇನ್ನೊಂದು ಬಗೆ. ನರಗುಂದದ ಬಾಬಾಸಾಹೇಬ ರುಂಡವನ್ನು ತನ್ನ ಊರ ಬಾಗಿಲಿಗೆ ತೂಗಿಸಿದನು. ಮರೆಮಾಚುವ ಮಾತೇ ಇಲ್ಲ. ಅವನ ಮಲತಮ್ಮನಾದ ರಾಮದುರ್ಗದ ಅರಸ ಇಂಗ್ಲಿಷರ ಪಕ್ಷದಲ್ಲಿದ್ದನು.

ಹೊರಗಿನ ಜಗತ್ತಿನಲ್ಲಿ ನಡೆದುದು ಇದಕ್ಕೆ ತೀರ ವಿರುದ್ಧ. 1916ರ ಜುಲೈ 30ರಂದು ನ್ಯೂಯಾರ್ಕ್ ಬಂದರದ ಬ್ಲ್ಯಾಕ್ ಟಾಮ್ ಎಂಬಲ್ಲಿ ಮದ್ದುಗುಂಡಿನ ರಾಶಿಯನ್ನು ಜರ್ಮನಿಯ ಗೂಢಚಾರರು ಸ್ಫೋಟಿಸಿದರು; ಹೊಣೆ ಜರ್ಮನಿಯದೆಂಬ ತೀರ್ಪು ಹೊರಬಿದ್ದುದು 1939ರಲ್ಲಿ. 2024ರ ಮಾರ್ಚಿನಲ್ಲಿ ಲಂಡನ್ನಿನ ಪೂರ್ವಭಾಗದಲ್ಲಿ ಉಕ್ರೇನಿಗೆ ಸಂಬಂಧಪಟ್ಟ ಉಗ್ರಾಣವೊಂದನ್ನು ರಷ್ಯದ ಪರವಾಗಿ ಸುಟ್ಟ ತರುಣರಿಗೆ ನ್ಯಾಯಾಲಯ ಶಿಕ್ಷೆ ವಿಧಿಸಿದೆ. ಅವರನ್ನು ನೇಮಿಸಿಕೊಂಡುದು ದೂರವಾಣಿಯ ಸಂದೇಶಗಳ ಮೂಲಕ. ಇಂಥವರ ಮೇಲೆ ಲಾವಣಿ ಹುಟ್ಟಲಾರದು. ಅವರು ಯಾರ ಹೆಸರನ್ನೂ ಹೊತ್ತವರಲ್ಲ.

ಸವದತ್ತಿಯ ಎಲ್ಲಮ್ಮನ ಗುಡ್ಡದ ಜಾತ್ರೆಗೆ ಬರುವ ಮೇಳಗಳಿಂದ ರಾಯಣ್ಣನ ಹಾಡನ್ನು ಬರೆದುಕೊಳ್ಳಹೊರಡುವ ವಿದ್ಯಾರ್ಥಿಗಳಿಗೆ ನಮ್ಮ ಸೂಚನೆ ಇಷ್ಟು: ಕಚೇರಿ ಉರಿಯುವ ಭಾಗದಲ್ಲಿ ಒಳಗಿದ್ದ ಜವಾನ, ಕಾರಕೂನರ ಗತಿಯೇನಾಯಿತೆಂದು ಹಾಡುಗಾರ ಹೇಳುತ್ತಾನೆಯೇ, ಬಿಟ್ಟು ಮುಂದೆ ಸಾಗುತ್ತಾನೆಯೇ ಎಂಬುದನ್ನು ಪಾಠಾಂತರದೊಡನೆ ಗುರುತಿಸಿಕೊಳ್ಳಬೇಕು.